ಲಿಯಾಂಗ್ ಅವರ ಅರ್ಜಿಗೆ ನಾನು ಸೇರಿಸಿದ ನಾಲ್ಕು ಪುಟ

ಹೆಚ್ಚು ಓದಿದವನಿಗೆ ಹೆಚ್ಚು ಸಂಬಳ, ಇನ್ನೂ ಓದಿದವನಿಗೆ ಇನ್ನೂ ಹೆಚ್ಚು ಸಂಬಳ. ಉಡುಪಿಯ ಕಾಲೇಜೊಂದರಲ್ಲಿ ನಾಲ್ಕು ವರ್ಷ ಅರ್ಥಶಾಸ್ತ್ರ ಪಾಠ ಮಾಡುವಾಗ ಈ ಮಾತನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ ನೆನಪಿಲ್ಲ. ಪಕ್ಕದಲ್ಲಿ ಮೇಲಕ್ಕೆ ಏರುವ ಒಂದು ಗೆರೆಯನ್ನೂ ಎಳೆಯುತ್ತಿದ್ದೆ. ಆ ಗೆರೆ ಒಂದು ದಿನವೂ ಕೆಳಗೆ ಇಳಿದದ್ದಿಲ್ಲ. ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತಲ್ಲ! ಈಗ ನಾನು ಅಮೆರಿಕದ ಫ್ರೀಮಾಂಟಿನಲ್ಲಿದ್ದೇನೆ, ಒಂದು ಆಫೀಸಿನಲ್ಲಿ ಕೂತು ಬೇರೆಯವರ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುತ್ತೇನೆ. ಆದರೂ ಆ ಗೆರೆಯ ಮೇಲಿನ ನಂಬಿಕೆ ಕಳೆದ ಚಳಿಗಾಲದ ತನಕ ಅಲುಗಾಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಲಿಯಾಂಗ್ ಬಂದು ಬಾಗಿಲು ತಟ್ಟಿದರು. ಐವತ್ನಾಲ್ಕರ ಆಸುಪಾಸಿನ ಚೀನೀ ಮನುಷ್ಯ, ಮಿತಭಾಷಿ. ನಾನು ಹಿಂದೆ ಪಾಠ ಮಾಡುತ್ತಿದ್ದೆ ಎಂದು ತಿಳಿದ ದಿನದಿಂದ ನನ್ನನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಾರೆ. ಫ್ರೀಮಾಂಟಿನಲ್ಲಿ ನನ್ನನ್ನು ಹಾಗೆ ಕರೆಯುವವರು ಅವರೊಬ್ಬರೇ. ಆದ್ದರಿಂದ ಅವರು ಏನು ಕೇಳಿದರೂ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಇಂಗ್ಲಿಷ್ ಅರ್ಧ, ನನ್ನದು ಮುಕ್ಕಾಲು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

“ಪ್ರೊಫೆಸರ್, ಒಂದು ಪುಟ ಪ್ರಿಂಟ್ ಬೇಕಿತ್ತು” ಎಂದರು.

ನೆನಪಿಡಿ. ಅವರು ಕೇಳಿದ್ದು ಪ್ರಿಂಟ್. ಒಂದು ಪುಟ!

ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ನಾನು ಓದಬಾರದಿತ್ತು. ಓದಿದೆ. ಪಕ್ಕದ ಊರಿನ ಸರಕಾರಿ ಶಾಲೆಗಳ ಕಟ್ಟಡಗಳಲ್ಲಿ ಕೋಣೆ ಬೆಚ್ಚಗಿಡುವ ಬಾಯ್ಲರ್, ಎ.ಸಿ. ನೋಡಿಕೊಳ್ಳುವ ಮೆಕ್ಯಾನಿಕ್ ಕೆಲಸಕ್ಕೆ ಅರ್ಜಿ. ವಿದ್ಯಾಭ್ಯಾಸ: ಹೈಸ್ಕೂಲು. ಅನುಭವ: ಹೋಟೆಲ್ ಅಡುಗೆಮನೆಯಲ್ಲಿ ಆರು ವರ್ಷ ಫ್ರಿಜ್ಜು, ಒಲೆ, ಬಾಯ್ಲರ್ ರಿಪೇರಿ. ಅಷ್ಟೇ!

ನಾನು ದಂಗಾದೆ. ಏಕೆಂದರೆ ಲಿಯಾಂಗ್ ಚೀನಾದಲ್ಲಿ ಹದಿನಾರು ವರ್ಷ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಬಾಯ್ಲರಿನ ಬಗ್ಗೆ ಪಠ್ಯಪುಸ್ತಕ ಬರೆದವರು. ಮಗಳು ಇಲ್ಲಿದ್ದಾಳೆಂದು ಗಂಡ ಹೆಂಡತಿ ಬಂದಿದ್ದರು. ಅಲ್ಲಿನ ಡಿಗ್ರಿಯನ್ನು ಇಲ್ಲಿ ಯಾರೂ ಮೂಸಿಯೂ ನೋಡದ ಕಾರಣ ಹೋಟೆಲ್ ಸೇರಿದ್ದರು.

“ಎಂತದಿದು ಲಿಯಾಂಗ್? ನಿಮ್ಮ ಮಾಸ್ಟರ್ ಡಿಗ್ರಿ ಎಲ್ಲಿ? ಪುಸ್ತಕ ಎಲ್ಲಿ?”

“ಬೇಡ ಪ್ರೊಫೆಸರ್. ಇಲ್ಲಿನ ಉದ್ಯೋಗ ಕೇಂದ್ರದವರೇ ಬರೆಯಬೇಡಿ ಅಂದರು. ನನ್ನ ತಮ್ಮನ ಮಗ ಚೀನಾದಲ್ಲಿದ್ದಾನೆ. ಮಾಸ್ಟರ್ ಡಿಗ್ರಿ ಮಾಡಿದ್ದಾನೆ. ಅದನ್ನು ಮುಚ್ಚಿಟ್ಟ ಮೇಲೆ ಅವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು.”

“ಡಿಗ್ರಿ ಮುಚ್ಚಿಡುವುದಾ!”

“ಅಲ್ಲಿ ಈಗ ಡಿಗ್ರಿ ಇದ್ದವರು ಜಾಸ್ತಿ, ಕುರ್ಚಿ ಕಡಿಮೆ. ಅವನ ಕ್ಲಾಸಿನವರು ಸ್ಕೂಟರಿನಲ್ಲಿ ಊಟ ಹಂಚುತ್ತಾರೆ.”

ನನ್ನ ಬೋರ್ಡಿನಲ್ಲಿ ಇಂಥದ್ದೊಂದು ಸಂಗತಿ ಯಾವತ್ತೂ ಬಂದಿರಲಿಲ್ಲ. ಬರದಿದ್ದದ್ದನ್ನು ನಾನು ನಂಬುವವನೂ ಅಲ್ಲ. ಹೋಟೆಲು ಈ ತಿಂಗಳ ಕೊನೆಗೆ ಮುಚ್ಚುತ್ತದೆ, ಅವರ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಬೇಕು, ಹೆಲ್ತ್ ಇನ್ಶೂರೆನ್ಸ್ ಸಿಗುವ ಕೆಲಸ ಕಣ್ಣಿಗೆ ಬಿದ್ದಿರುವುದು ಇದೊಂದೇ ಎಂದು ಅವರು ಹೇಳಿದಾಗಲಂತೂ ನನ್ನೊಳಗಿನ ಮೇಷ್ಟ್ರು ಎದ್ದು ನಿಂತುಬಿಟ್ಟ.

“ಕೂತುಕೊಳ್ಳಿ. ಇದನ್ನು ನನಗೆ ಬಿಡಿ” ಎಂದೆ.

ಹೆಂಡತಿ ಶೈಲಜಾ ಬೆಂಗಳೂರಿನವಳು. ಅಡುಗೆಮನೆಯಿಂದಲೇ ಕೂಗಿದಳು. “ರೀ, ಅವ್ರು ಕೇಳಿದ್ದು ಪ್ರಿಂಟು. ಕೊಟ್ಟು ಕಳ್ಸಿ ಸುಮ್ನೆ.”

“ನೀನು ಸುಮ್ಮನಿರು ಮಾರಾಯ್ತಿ. ಒಬ್ಬ ವಿದ್ವಾಂಸನಿಗೆ ಅನ್ಯಾಯ ಆಗ್ತಾ ಉಂಟು ಇಲ್ಲಿ.”

“ಅಪ್ಪಾ, ರೆಸ್ಯುಮೆ ಶುಡ್ ಬಿ ಒನ್ ಪೇಜ್” ಎಂದಳು ಹೈಸ್ಕೂಲಿನಲ್ಲಿರುವ ಮಗಳು, ಫೋನಿನಿಂದ ಕಣ್ಣೆತ್ತದೆ.

ಒಂದು ಪುಟವಂತೆ! ನಮ್ಮ ಕಡೆ ಮದುವೆಯ ಗಂಡಿನ ಬಯೋಡೇಟಾವೇ ಎರಡು ಪುಟ ಇರುತ್ತದೆ. ನಾನು ಮಧ್ಯಾಹ್ನದವರೆಗೆ ಕೂತು ನಾಲ್ಕು ಪುಟ ಮಾಡಿದೆ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ವೈವಾಹಿಕ ಸ್ಥಿತಿ, ಬಲ್ಲ ಭಾಷೆಗಳು, ಹವ್ಯಾಸಗಳು. ಹತ್ತನೇ ತರಗತಿಯಿಂದ ಶುರುಮಾಡಿ ಒಂದೊಂದು ಪರೀಕ್ಷೆಯ ಅಂಕ. ಅಂಕಗಳು ನೆನಪಿಲ್ಲ ಎಂದರು ಲಿಯಾಂಗ್. ಅವರ ಹೆಂಡತಿಗೆ ಫೋನ್ ಮಾಡಿಸಿ ಅಂಕಪಟ್ಟಿಯ ಪೆಟ್ಟಿಗೆ ತೆಗೆಸಿದೆ. ಪಠ್ಯಪುಸ್ತಕದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಮೇಲುಗಡೆ ಬಲಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ ಅಂಟಿಸಿದೆ, ಅದರಲ್ಲಿ ಅವರು ಕಟ್ಟಿದ್ದು ನನ್ನ ಟೈ. ಕೊನೆಗೆ ನಮ್ಮ ಪದ್ಧತಿಯಂತೆ, ‘ಮೇಲ್ಕಂಡ ವಿವರಗಳೆಲ್ಲವೂ ನಾನು ತಿಳಿದಿರುವ ಮಟ್ಟಿಗೆ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ’, ಸ್ಥಳ ಫ್ರೀಮಾಂಟ್, ಸಹಿ.

ಲಿಯಾಂಗ್ ಆ ನಾಲ್ಕು ಹಾಳೆಗಳನ್ನು ಬಹಳ ಹೊತ್ತು ನೋಡಿದರು. ಒಂದು ಸಲ ತಮ್ಮ ಪುಸ್ತಕದ ಹೆಸರಿನ ಮೇಲೆ ಬೆರಳಾಡಿಸಿದರು. “ಆರು ವರ್ಷ ಆಯಿತು ಇದನ್ನೆಲ್ಲ ಕಾಗದದ ಮೇಲೆ ನೋಡಿ” ಎಂದರು. ನನಗೆ ಕಣ್ಣು ತುಂಬಿ ಬಂತು. ಅವರು ಬೇಡವೆನ್ನಲಾರದೆ ಹೋದದ್ದು ಆ ಗಳಿಗೆಯಲ್ಲೇ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅರ್ಜಿ ಕೊಟ್ಟರು. ಆ ಕೆಲಸಕ್ಕೆ ಅರ್ಜಿ ಹಾಕಿದವರೇ ನಾಲ್ಕು ಜನವಾದ್ದರಿಂದ ಇಂಟರ್ವ್ಯೂಗೆ ಎಲ್ಲರನ್ನೂ ಕರೆದರು. ನಾನು ಮಾತ್ರ ಅದನ್ನು ನನ್ನ ನಾಲ್ಕು ಪುಟದ ವಿಜಯವೆಂದು ತಿಳಿದು ಮನೆಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಸಾಲದ್ದಕ್ಕೆ ಲಿಯಾಂಗ್ ಅವರನ್ನು ಎರಡು ಸಂಜೆ ಕೂರಿಸಿಕೊಂಡು ತಾಲೀಮು ಕೊಟ್ಟೆ. ನಮ್ಮ ಯೂನಿವರ್ಸಿಟಿಯ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುವ ಗುಟ್ಟು ನಾನು ಬಲ್ಲೆ.

“ಏನೇ ಕೇಳಲಿ, ಮೊದಲು ಡೆಫಿನಿಶನ್ ಹೇಳಬೇಕು. ಆಮೇಲೆ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕು. ಆಮೇಲೆ ಅನುಕೂಲಗಳು. ಕೊನೆಗೆ ಅನಾನುಕೂಲಗಳು. ಎಲ್ಲಿಯೂ ಬಿಡಬಾರದು!”

“ಚೀನಾದಲ್ಲಿ ನನ್ನ ವಿದ್ಯಾರ್ಥಿಗಳೂ ಹೀಗೇ ಬರೆಯುತ್ತಿದ್ದರು” ಎಂದರು ಲಿಯಾಂಗ್.

“ಎಷ್ಟು ಕೊಡುತ್ತಿದ್ದಿರಿ?”

“ಪೂರ್ತಿ ಅಂಕ.”

ಇಬ್ಬರು ಮೇಷ್ಟ್ರುಗಳು ಸೇರಿದರೆ ಒಂದು ಕೆಲಸ ಕೆಡುವುದಕ್ಕೆ ಮೂರನೆಯವರು ಬೇಕಾಗುವುದಿಲ್ಲ.

ಇಂಟರ್ವ್ಯೂ ದಿನ ನನ್ನ ಕೋಟನ್ನೂ ಅವರಿಗೆ ತೊಡಿಸಿ ಕಳಿಸಿದೆ. ಅಲ್ಲಿ ನಡೆದದ್ದನ್ನು ಸಂಜೆ ಅವರೇ ಹೇಳಿದರು. ಮೊದಲ ಪ್ರಶ್ನೆ: “ಬೆಳಿಗ್ಗೆ ಒಂದು ಕ್ಲಾಸ್‌ರೂಮು ತಣ್ಣಗಿದೆ ಎಂದು ಟೀಚರ್ ಫೋನ್ ಮಾಡಿದರು. ನೀವು ಮೊದಲು ಏನು ಮಾಡುತ್ತೀರಿ?”

ಅವರಿಗೆ ಬೇಕಿದ್ದ ಉತ್ತರ, ಗೋಡೆಯ ಮೇಲಿನ ಬಿಸಿ ಹೊಂದಿಸುವ ಥರ್ಮೋಸ್ಟಾಟ್ ಆನ್ ಆಗಿದೆಯೇ ನೋಡುತ್ತೇನೆ. ಒಂದು ವಾಕ್ಯ.

ಲಿಯಾಂಗ್ ಎದ್ದು ನಿಂತು, ಶಾಖ ಎಂದರೇನು ಎಂಬಲ್ಲಿಂದ ಹೊರಟರಂತೆ! ವೈಟ್‌ಬೋರ್ಡ್ ಕೇಳಿ ಪಡೆದು ಬಾಯ್ಲರಿನ ಚಿತ್ರ ಬಿಡಿಸಿದರಂತೆ. ಇಪ್ಪತ್ತು ನಿಮಿಷಕ್ಕೆ ಅನುಕೂಲಗಳು ಮುಗಿದವು. ಅನಾನುಕೂಲಗಳನ್ನು ಶುರುಮಾಡುವಾಗ ಒಬ್ಬರು ವಾಚು ತೋರಿಸಿದರು. ಆಮೇಲೆ ಪಕ್ಕದ ಕೋಣೆಯಲ್ಲಿದ್ದ ಯಂತ್ರದ ಏರ್ ಫಿಲ್ಟರ್ ಬದಲಾಯಿಸಿ ತೋರಿಸಿ ಎಂದರು. ನನ್ನ ಕೋಟು ಅವರಿಗೆ ಬಿಗಿ, ಕೈ ಮೇಲೇಳಲಿಲ್ಲ. ಕಂಕುಳಲ್ಲಿ ಹೊಲಿಗೆ ಬಿಟ್ಟಿತು.

“ಆದರೂ ಚಿತ್ರ ಚೆನ್ನಾಗಿ ಬಂದಿತ್ತು” ಎಂದರು.

ಮೂರನೇ ದಿನ ಉತ್ತರ ಬಂತು. ‘ತಮ್ಮ ಅರ್ಹತೆಗಳು ಈ ಹುದ್ದೆಯ ಅಗತ್ಯಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ತಮ್ಮನ್ನು ಆಯ್ಕೆ ಮಾಡಲಾಗುತ್ತಿಲ್ಲ.’ ಅದನ್ನು ನಾನು ಮೂರು ಸಲ ಓದಿದೆ. ಅರ್ಹತೆ ಸಾಲದೆ ಹೋಗುವುದನ್ನು ಕೇಳಿದ್ದೇನೆ, ನೋಡಿದ್ದೇನೆ, ಅನುಭವಿಸಿಯೂ ಇದ್ದೇನೆ. ಅರ್ಹತೆ ಹೆಚ್ಚಾಗಿ ಕೆಲಸ ಹೋಗುವುದೆಂದರೇನು! ಸಾರಿಗೆ ಉಪ್ಪು ಜಾಸ್ತಿಯಾಗುವ ಹಾಗೆ ಮನುಷ್ಯನಿಗೆ ಓದು ಜಾಸ್ತಿಯಾಗುತ್ತದೆಯೇ?

ಲಿಯಾಂಗ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹರಿದ ಕೋಟನ್ನು ಹೊಲಿಸಿ, ಇಸ್ತ್ರಿ ಮಾಡಿಸಿ ತಂದುಕೊಟ್ಟರು. ಅವರ ಹೆಂಡತಿ ಒಂದೊಂದೇ ಮೆಟ್ಟಿಲು ಕಾಲೆಳೆದುಕೊಂಡು ಹತ್ತಿ ಬಂದು ನಮಗೆ ಕಿತ್ತಳೆ ಹಣ್ಣು ಕೊಟ್ಟು, ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿಹೋದರು. ಅವರು ಅದೇ ಮೆಟ್ಟಿಲುಗಳನ್ನು ಇಳಿಯುವ ಸದ್ದು ಕೇಳುತ್ತಾ ನಾನು ಬಾಗಿಲ ಹಿಂದೆ ನಿಂತಿದ್ದೆ. ನನಗೆ ನಿಜವಾಗಿಯೂ ಭಯವಾಯಿತು. ತಮಾಷೆಗೆ ಹೇಳುತ್ತಿಲ್ಲ.

“ಈಗ ಏನ್ಮಾಡ್ತೀರಾ?” ಎಂದಳು ಶೈಲಜಾ.

ಶನಿವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿ ಲಿಯಾಂಗ್ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಭಟ್ಟರು ಗೋತ್ರ, ನಕ್ಷತ್ರ ಕೇಳಿದರು. ಗೋತ್ರ ಗೊತ್ತಿಲ್ಲ, ಹತ್ತನೇ ತರಗತಿಯ ಅಂಕ ಬೇಕಾದರೆ ಕೊಡಬಲ್ಲೆ ಎಂದೆ. ಭಟ್ಟರು ನನ್ನನ್ನೊಮ್ಮೆ ನೋಡಿ, ತಮಗೆ ತೋಚಿದ ಗೋತ್ರ ಹಾಕಿ ಮುಗಿಸಿದರು.

ದೇವರ ಮೇಲೆ ಭಾರ ಹಾಕಿ ಸುಮ್ಮನಿರುವ ಬುದ್ಧಿ ನನಗೆ ಇರಬೇಕಿತ್ತು. ಸೋಮವಾರ ರಜೆ ಹಾಕಿ, ಬೇಡವೆಂದರೂ ಕೇಳದೆ ಲಿಯಾಂಗ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಶಾಲೆಗಳ ಕಚೇರಿಗೆ ಹೋದೆ. ಫ್ರೀವೇಯುದ್ದಕ್ಕೂ ನಾನು ಮಾತಾಡಿದೆ, ಅವರು ಕಿಟಕಿಯ ಹೊರಗೆ ನೋಡಿದರು. ರಿಪೇರಿ ವಿಭಾಗದ ಮುಖ್ಯಸ್ಥೆ ಟೆರೇಸಾ ಎಂಬಾಕೆ. ಸೊಂಟದಲ್ಲಿ ಬೀಗದಕೈ ಗೊಂಚಲು, ಕಾಲಿಗೆ ದಪ್ಪ ಬೂಟು, ಮೇಜಿನ ಮೇಲೆ ನನ್ನ ನಾಲ್ಕು ಪುಟ!

ನಾನು ವಾದ ಶುರುಮಾಡಿದೆ. “ಮೇಡಂ, ನೀವು ಅಂದುಕೊಂಡಷ್ಟು ಇವರು ಓದಿಲ್ಲ.”

ಟೆರೇಸಾ ಕನ್ನಡಕ ಏರಿಸಿದರು. “ಅಂದರೆ ಈ ಮಾಸ್ಟರ್ ಡಿಗ್ರಿ ಸುಳ್ಳೇ?”

“ಸುಳ್ಳಲ್ಲ ಮೇಡಂ, ನಿಜ. ಆದರೆ ಅಷ್ಟೇನೂ ದೊಡ್ಡದಲ್ಲ. ಚೀನಾದಲ್ಲಿ ಅದು ಎಲ್ಲರ ಹತ್ತಿರವೂ ಇರುತ್ತದೆ.”

“ಈ ಪುಸ್ತಕ?”

“ಚಿಕ್ಕ ಪುಸ್ತಕ ಮೇಡಂ. ತೆಳ್ಳಗೆ.”

“ಇಲ್ಲಿ ಎಲ್ಲವೂ ಸತ್ಯ ಎಂದು ಸಹಿ ಹಾಕಿದ್ದಾರಲ್ಲ? ಅಮೆರಿಕದಲ್ಲಿ ಯಾರೂ ಕೇಳದೆ ಹೀಗೆ ಬರೆದುಕೊಡುವುದಿಲ್ಲ. ಇದನ್ನು ಓದಿದಾಗಲೇ ನನಗೆ ಅನುಮಾನ ಬಂದಿತ್ತು.”

ಲಿಯಾಂಗ್ ಕಡೆ ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾಲ್ಕು ಪುಟ ಬರೆದು ಏರಿಸಿದವನೂ ನಾನೇ, ಅವರೆದುರಿಗೇ ಅವರ ಪುಸ್ತಕವನ್ನು ತೆಳ್ಳಗೆ ಎಂದವನೂ ನಾನೇ. ಪುಸ್ತಕವನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಬಾಯಿ ಮುಚ್ಚಿತು. ಅಂದು ನಾನು ಮಾಡಿದ ಒಂದೇ ಉಪಕಾರ ಅದು.

ಆಗ ಲಿಯಾಂಗ್ ಮಾತಾಡಿದರು. “ಮೇಡಂ, ಡಿಗ್ರಿ ನಿಜ. ಪುಸ್ತಕ ಆರುನೂರು ಪುಟ ಇದೆ. ಹದಿನಾರು ವರ್ಷ ಬಾಯ್ಲರ್ ಪಾಠ ಮಾಡಿದೆ, ಆರು ವರ್ಷ ಬಾಯ್ಲರ್ ರಿಪೇರಿ ಮಾಡಿದೆ. ಎರಡನೆಯದು ಕಷ್ಟ. ಪಾಠದಲ್ಲಿ ತಪ್ಪಾದರೆ ನೀರು ಸೋರುವುದಿಲ್ಲ.”

ಟೆರೇಸಾ ನಕ್ಕುಬಿಟ್ಟರು. “ಕೆಲಸ ಕೊಟ್ಟರೆ ಮೂರು ತಿಂಗಳಿಗೆ ಬಿಟ್ಟು ಹೋಗುತ್ತೀರಲ್ಲ?”

“ಎಲ್ಲಿಗೆ ಹೋಗಲಿ ಮೇಡಂ? ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಬೇಕು. ಆದ ಮೇಲೂ ಅವಳು ನಡೆದಾಡಬೇಕು. ನಾನು ಇಲ್ಲೇ ಇರುತ್ತೇನೆ.”

ಇಷ್ಟು ದಿನ ನಾನು ಪುಟಗಟ್ಟಲೆ ಬರೆದು ಹೇಳಲಾಗದಿದ್ದದ್ದು ಅಲ್ಲಿಗೆ ಮುಗಿಯಿತು. ಟೆರೇಸಾ ನನ್ನ ನಾಲ್ಕು ಪುಟವನ್ನು ಪಕ್ಕಕ್ಕೆ ಸರಿಸಿದರು. ಅವರು ಆರಿಸಿದ್ದ ಮನುಷ್ಯ ಆ ದಿನ ಬೆಳಿಗ್ಗೆಯಷ್ಟೇ ಬೇರೆ ಕೆಲಸ ಸಿಕ್ಕಿತೆಂದು ಕೈಕೊಟ್ಟಿದ್ದನಂತೆ. “ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ಕೆಟ್ಟ ಬಾಯ್ಲರ್ ಒಂದಿದೆ, ಸರಿಮಾಡಿ ತೋರಿಸಿ. ಎರಡು ಷರತ್ತು. ಒಂದು, ಕೋಟು ಬೇಡ.”

“ಇನ್ನೊಂದು?”

ಟೆರೇಸಾ ನನ್ನ ಕಡೆ ಬೆರಳು ತೋರಿಸಿದರು. “ಇವರು ಬೇಡ.”

ಮರುದಿನ ನಾನು ಆಫೀಸಿನಲ್ಲಿ ಒಂದು ಅಂಕಿಯನ್ನೂ ಸರಿಯಾಗಿ ತುಂಬಲಿಲ್ಲ. ಹನ್ನೊಂದು ಗಂಟೆಗೆ ಲಿಯಾಂಗ್ ಮೆಸೇಜು ಬಂತು. ‘ಸಿಕ್ಕಿತು.’ ಡೆಫಿನಿಶನ್ ಇಲ್ಲ, ಚಿತ್ರ ಇಲ್ಲ!

ಭಾನುವಾರ ಗಂಡ ಹೆಂಡತಿ ಇಬ್ಬರೂ ನಮಗೆಂದೇ ಮಾಂಸ ಹಾಕದ, ನಮ್ಮ ಕಡುಬಿನಂಥ ಡಂಪ್ಲಿಂಗ್ ಮಾಡಿಕೊಂಡು ಬಂದರು. ಇನ್ಶೂರೆನ್ಸ್ ಮುಂದಿನ ತಿಂಗಳಿಂದ, ಡಾಕ್ಟರ ಹತ್ತಿರ ದಿನವೂ ಗೊತ್ತುಮಾಡಿ ಆಗಿದೆ ಎಂದು ಅವರ ಹೆಂಡತಿ ಹೇಳುವಾಗ ಶೈಲಜಾ ಅವರ ಕೈ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ಲಿಯಾಂಗ್ ತಂದಿದ್ದ ನೇಮಕಾತಿ ಪತ್ರವನ್ನು ಓದಿದವಳು ಒಂದು ಸಾಲಿನಲ್ಲಿ ತಡೆದಳು. ಪತ್ರದಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಮತ್ತೆ ಪತ್ರ ನೋಡಿದಳು.

“ರೀ, ಇವ್ರ ಸಂಬಳ ನಿಮಗಿಂತ ಜಾಸ್ತಿ ಕಣ್ರೀ!”

ಪತ್ರ ಕಿತ್ತುಕೊಂಡು ನೋಡಿದೆ. ನಿಜ! ಮೇಲೆ ಪೆನ್ಶನ್ನು ಬೇರೆ. ಬೇಸಿಗೆ ರಜೆ ಬೇರೆ. ನನ್ನ ಕೈಯಲ್ಲಿದ್ದ ಡಂಪ್ಲಿಂಗ್ ತಟ್ಟೆಗೆ ಬಿತ್ತು. ಎಂ.ಎ., ಎಂ.ಫಿಲ್. ಮಾಡಿದವನು ನಾನು!

ಶೈಲಜಾಗೆ ತಮಾಷೆ ಹೊಳೆಯಿತು. “ಲಿಯಾಂಗ್, ಅಲ್ಲಿ ಇನ್ನೂ ಕೆಲಸ ಖಾಲಿ ಇದ್ಯಾ? ನಮ್ಮವರಿಗೆ?”

ಲಿಯಾಂಗ್‌ಗೆ ತಮಾಷೆ ಎಂದು ತಿಳಿಯಲಿಲ್ಲ. ಬಹಳ ಗಂಭೀರವಾಗಿ ನನ್ನ ಕಡೆ ತಿರುಗಿದರು. “ಹೆಲ್ಪರ್ ಕೆಲಸ ಒಂದು ಇದೆ, ಪ್ರೊಫೆಸರ್. ಏಣಿ ಹತ್ತುತ್ತೀರಾ?”

“ತಲೆ ಸುತ್ತುತ್ತೆ ಅವ್ರಿಗೆ” ಎಂದಳು ಶೈಲಜಾ.

“ಸ್ಪ್ಯಾನರ್ ಹಿಡಿದು ಗೊತ್ತಿದೆಯಾ?”

“ಮನೇಲಿ ಬಲ್ಬು ಹಾಕೋದೂ ನಾನೇ” ಎಂದಳು ಮತ್ತೆ ಅವಳೇ.

ನನ್ನ ಮನಸ್ಸು ನೋಯಿಸದ ಮಾತಿಗಾಗಿ ಲಿಯಾಂಗ್ ಹುಡುಕುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು.

“ಪರವಾಗಿಲ್ಲ ಪ್ರೊಫೆಸರ್. ನೀವು ಇನ್ನೂ ಸ್ವಲ್ಪ ಓದಬೇಕು.”