ಅಟ್ಟ ಹತ್ತಿದ ಬಿಸಿನೀರು

ನಮ್ಮ ಮಾಮನಿಗೆ ಯಾವ ವಸ್ತುವೂ ಅದು ಇರಬೇಕಾದ ಜಾಗದಲ್ಲಿದ್ದರೆ ಸಮಾಧಾನವಿಲ್ಲ. ನಂಬಿ! ಪರ್ತ್‌ನಲ್ಲಿರುವ ಅವರ ಮನೆಯಲ್ಲಿ ಮಿಕ್ಸಿ ಗ್ಯಾರೇಜಿನಲ್ಲಿದೆ, ದೇವರು ವಾರ್ಡ್‌ರೋಬಿನಲ್ಲಿದ್ದಾನೆ, ಪುಸ್ತಕಗಳು ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ನಿಂತಿವೆ. ನೆಲದಡಿಯ ಅದಿರನ್ನು ಹುಡುಕಿ ಮೇಲೆ ತರಿಸುವುದೇ ಕಸುಬಾದವರಿಗೆ ಇದು ಸಹಜವೋ ಏನೋ. ಮದುವೆಯಾಗಿದ್ದರೆ ಸರಿಹೋಗುತ್ತಿದ್ದ ಎಂದು ಅಮ್ಮ ತನ್ನ ಈ ತಮ್ಮನ ಬಗ್ಗೆ ಹಲುಬುತ್ತಿದ್ದಳು. ಆ ಹೆಂಡತಿಯನ್ನು ಇವರು ಎಲ್ಲಿಡುತ್ತಿದ್ದರೋ, ದೇವರೇ ಬಲ್ಲ!

ಇಂಥ ಮಾಮ ಅಡಿಲೇಡಿನ ನಮ್ಮ ಮನೆಗೆ ಬಿಸಿನೀರು ತಂದ ಕಥೆ ಇದು.

ಆ ವರ್ಷ ನಾನು ಬಸುರಿ. ಹೆರಿಗೆ ಜೂನ್ ತಿಂಗಳಲ್ಲಿ, ಅಂದರೆ ಇಲ್ಲಿಯ ಚಳಿಗಾಲಕ್ಕೆ ಸರಿಯಾಗಿ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನನಗಿದ್ದದ್ದು ಒಂದೇ ಆಸೆ. ಹನ್ನೊಂದನೆಯ ದಿನ ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಬೆನ್ನು ಚುರುಗುಟ್ಟುವಂಥ ನೀರನ್ನು ಹಂಡೆಗಟ್ಟಲೆ ಹೊಯ್ಯಿಸಿಕೊಳ್ಳಬೇಕು. ಅಮ್ಮ ಇದ್ದಿದ್ದರೆ ಹೊಯ್ಯುತ್ತಿದ್ದಳು. ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಹಳೆಯ ಕಲ್ಲುಮನೆಯ ಗೀಸರೋ, ಎರಡನೆಯ ಬಕೆಟ್ಟಿಗೇ ಕೈ ಎತ್ತಿಬಿಡುತ್ತಿತ್ತು. ಇದನ್ನು ಫೋನಿನಲ್ಲಿ ಮಾಮನಿಗೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

"ಅಳ್ಬೇಡ್ವೇ ಪುಟ್ಟಿ. ನೀರು ತಾನೇ? ನೀರಿನ ಜವಾಬ್ದಾರಿ ನಂದು," ಎಂದರು. ಮುಂದಿನ ವಾರವೇ ಥರ್ಮಾಮೀಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅದು ಫೆಬ್ರವರಿ, ಉರಿಬಿಸಿಲು. ಮಾಮ ಕೈಕಾಲು ತೊಳೆಯಲಿಲ್ಲ, ಕಾಫಿ ಕುಡಿಯಲಿಲ್ಲ, ಏಣಿ ಹಾಕಿ ನೇರವಾಗಿ ಅಟ್ಟ ಹತ್ತಿದರು. ಸ್ವಲ್ಪ ಹೊತ್ತಿಗೆ ಬೆವರಿಳಿಯುವ ಮುಖವೊಂದು ಚಾವಣಿಯ ಕಿಂಡಿಯಿಂದ ಇಣುಕಿತು.

"ಪುಟ್ಟಿ, ಇಷ್ಟೊಂದು ಬಿಸಿಗಾಳಿ ಇಲ್ಲಿ ಸುಮ್ನೆ ಬಿದ್ದಿದ್ಯಲ್ಲೇ! ಬಳಸ್ಕೊಳ್ಳೋರೇ ಇಲ್ವಾ?"

ಆಯಿತು, ತೀರ್ಮಾನವಾಯಿತು. ಹೀಟ್ ಪಂಪು ಅನ್ನುವುದು ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುವ ಯಂತ್ರ. ಬೇರೆ ಎಲ್ಲರೂ ಅದನ್ನು ಮನೆಯ ಹೊರಗೆ ಗೋಡೆ ಪಕ್ಕ ಇಡುತ್ತಾರೆ. ಮಾಮ ಬಿಟ್ಟಾರೆಯೇ? ಪಂಪು ಅಟ್ಟದಲ್ಲಿ, ನೀರಿನ ಟ್ಯಾಂಕು ಕೆಳಗೆ ಲಾಂಡ್ರಿಯಲ್ಲಿ! ಜೋಡಿಸಲು ಬಂದ ಪ್ಲಂಬರ್ ತಲೆ ಕೆರೆದುಕೊಂಡು, "ಅಲ್ಯಾಕೆ ಮೇಟ್?" ಎಂದು ಮೂರು ಸಲ ಕೇಳಿದ. ಮಾಮ ಮೂರು ಸಲವೂ ಚಿತ್ರ ಬರೆದು ವಿವರಿಸಿದರು. ನಾಲ್ಕನೆಯ ಸಲ ಅವನು ಕೇಳಲಿಲ್ಲ.

ಟ್ಯಾಂಕು ಎಷ್ಟು ದೊಡ್ಡದಿರಬೇಕು? ಅದಕ್ಕೂ ಸಂಶೋಧನೆ ನಡೆಯಿತು. ಬಾಣಂತನಕ್ಕೆಂದು ಬ್ರಿಸ್ಬೇನ್‌ನಿಂದ ಬರಲು ಒಪ್ಪಿದ್ದವರು ನನ್ನ ಗಂಡನ ಚಿಕ್ಕಮ್ಮ, ನನಗೆ ಚಿಕ್ಕತ್ತೆ. ಅಲ್ಲಿಯ ಕ್ಯಾಲಮ್‌ವೇಲ್ ಬಡಾವಣೆಯ ಅವರ ಮನೆಗೆ ಮಾಮ ಫೋನು ಹಚ್ಚಿದರು.

"ಬಾಣಂತಿ ಸ್ನಾನಕ್ಕೆ ಎಷ್ಟು ಲೀಟರ್ ಬೇಕ್ರೀ?"

"ಲೀಟರ್ ಗೀಟರ್ ನಂಗೊತ್ತಿಲ್ಲಪ್ಪ. ಅವಳು ಸಾಕು ಅನ್ನೋವರ್ಗೂ ಹುಯ್ಯೋದು. ಅಂದ್ಮೇಲೆ ಇನ್ನೊಂದ್ ಹತ್ತು ಚೊಂಬು."

ಮಾಮ ಗಂಭೀರವಾಗಿ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಂಗಡಿಯಲ್ಲಿದ್ದ ಅತಿ ದೊಡ್ಡ ಟ್ಯಾಂಕು ತರಿಸಿದರು.

ಗಣಿಯ ಕೆಲಸದಲ್ಲಿ ಎರಡು ವಾರ ದುಡಿತ, ಒಂದು ವಾರ ರಜೆ. ರಜೆ ಸಿಕ್ಕಾಗಲೆಲ್ಲ ಪರ್ತ್‌ನಿಂದ ಹಾರಿ ಬಂದು ಅಟ್ಟ ಸೇರುತ್ತಿದ್ದರು. ಏಳನೆಯ ತಿಂಗಳ ಆ ಮಧ್ಯಾಹ್ನಗಳು ಈಗಲೂ ನನಗೆ ಅರ್ಧ ಕನಸು. ಕೆಳಗೆ ನಾನು ಮಗ್ಗುಲಾಗಿ ಮಲಗಿರುತ್ತಿದ್ದೆ. ಮೇಲೆ ಮಾಮನ ಮಂಡಿಗಳು ತೊಲೆಯಿಂದ ತೊಲೆಗೆ ಮೆಲ್ಲಗೆ ಸರಿಯುತ್ತಿದ್ದವು. ಪಂಪಿನ ಗುಂಯ್ ಎನ್ನುವ ಸದ್ದಿನೊಳಗೆ ಮಾಮನ ಗುನುಗು ಸೇರಿಹೋಗಿ, ಯಾವುದು ಯಂತ್ರ, ಯಾವುದು ಮನುಷ್ಯ ಎಂದು ತಿಳಿಯುತ್ತಿರಲಿಲ್ಲ. ಹೊಟ್ಟೆಯೊಳಗಿನ ಕೂಸು ಒದೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿತ್ತು. ಇಡೀ ಮನೆಯೇ ಎಲ್ಲಿಗೋ ತೇಲಿ ಹೋಗುತ್ತಿದೆ ಅನ್ನಿಸಿ ನನಗೆ ಜೊಂಪು ಹತ್ತುತ್ತಿತ್ತು.

ಮೇ ಬಂತು, ಚಳಿ ಬಂತು. ನೀರು ತಣ್ಣಗಾಯಿತು! ಮಾಮ ಕಂಗಾಲು. "ಬಿಸಿ ಎಲ್ಲೋ ಸೋರ್ತಿದೆ," ಎಂದು ಹಳೆಯ ರಗ್ಗು, ನನ್ನ ಹಳೆಯ ಸೀರೆ ಎಲ್ಲ ಒಯ್ದು ಅಟ್ಟದ ಸಂದುಗೊಂದುಗಳಿಗೆ ತುರುಕಿದರು. ನೀರು ಮತ್ತಷ್ಟು ತಣ್ಣಗಾಯಿತು. ನನ್ನ ಗಂಡ ಟಾರ್ಚು ಹಿಡಿದು ಮೇಲೆ ಹತ್ತಿ ನೋಡಿದರೆ, ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದ ಕತ್ತಲೆಯಲ್ಲಿ ಪಂಪು ಮೈತುಂಬ ಮಂಜುಗಡ್ಡೆ ಹೊದ್ದು ಕೂತಿದೆ. ಇರುವಷ್ಟು ಗಾಳಿಯ ಬಿಸಿಯನ್ನೆಲ್ಲ ತಾನೇ ಹೀರಿ ಮುಗಿಸಿತ್ತು, ಹೊಸ ಗಾಳಿ ಬರಲು ದಾರಿಯಿರಲಿಲ್ಲ.

"ಮಾಮ, ಹೆರಿಗೆ ಇನ್ನೂ ಆಗಿಲ್ಲ. ಆಗ್ಲೇ ಪಂಪಿಗೆ ಬಾಣಂತನ ಶುರು ಮಾಡ್ಬಿಟ್ರಾ?" ಎಂದ.

ನಿಜವೇ! ಬಾಣಂತಿಯ ಕೋಣೆಗೆ ಗಾಳಿ ಸೋಕಬಾರದು ಎಂದು ಕೇಳಿ ಬೆಳೆದ ಜೀವ, ಗಾಳಿಯನ್ನೇ ಉಂಡು ಬದುಕುವ ಯಂತ್ರಕ್ಕೂ ಅದೇ ಪಥ್ಯ ಮಾಡಿಸಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮ ಮಾತ್ರ ನಗಲಿಲ್ಲ. "ಇನ್ನು ಮೂರೇ ವಾರ ಇರೋದು ಕಣೆ," ಎಂದರು. ಗಣಿಗೆ ಫೋನು ಮಾಡಿ ಇದ್ದಬದ್ದ ರಜೆಯನ್ನೆಲ್ಲ ಹಾಕಿದರು. ಅದೇ ಪ್ಲಂಬರನನ್ನು ಕರೆಸಿ, ಸೂರಿನಂಚಿಗೆ ದಪ್ಪನೆಯ ಎರಡು ಕೊಳವೆ ಕೂರಿಸಿದರು. ಒಂದರಲ್ಲಿ ಹೊರಗಿನ ಗಾಳಿ ಒಳಕ್ಕೆ, ಇನ್ನೊಂದರಲ್ಲಿ ತಣ್ಣನೆಯದು ಹೊರಕ್ಕೆ. ನೀರು ಕಾಯಿತು.

ಮಗಳು ಹುಟ್ಟಿದಳು. ಚಿಕ್ಕತ್ತೆ ಬಂದರು. ಹನ್ನೊಂದನೆಯ ದಿನ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತೆ. ಚಿಕ್ಕತ್ತೆ ನಲ್ಲಿ ತಿರುಗಿಸಿ ಕೈಯಿಟ್ಟು ಕೂಗಿದರು:

"ಏನ್ರೀ ಇದು? ಇದನ್ನ ಬಾಣಂತಿ ನೀರು ಅಂತಾರಾ? ಕೂಸಿಗೆ ಹುಯ್ಯೋ ಥರ ಇದೆ!"

ಸ್ನಾನ ಮಾಡುವವರು ಸುಟ್ಟುಕೊಳ್ಳದಿರಲಿ ಎಂದು ಬಚ್ಚಲಿನ ನಲ್ಲಿಗೆ ತಣ್ಣೀರು ಬೆರೆಸಿ ಬಿಡುವ ವಾಲ್ವು ಹಾಕಲೇಬೇಕು, ಅದು ಇಲ್ಲಿಯ ಕಾನೂನು. ಇಷ್ಟೆಲ್ಲ ಲೆಕ್ಕ ಹಾಕಿದ ಮಾಮ ಅದೊಂದನ್ನು ಮರೆತಿದ್ದರು.  ಬಾಗಿಲಾಚೆ ಲಾಂಡ್ರಿಯ ಕಡೆ ಓಡುವ ಮಾಮನ ಹೆಜ್ಜೆ ಕೇಳಿಸಿತು. ಲಾಂಡ್ರಿಯ ನಲ್ಲಿಗೆ ಆ ವಾಲ್ವು ಇರಲಿಲ್ಲ.

ಹಬೆಯಾಡುವ ಬಕೆಟ್ ಬಾಗಿಲಲ್ಲಿ ಬಂದು ಕೂತಿತು. ಚಿಕ್ಕತ್ತೆ ಒಳಗೆಳೆದುಕೊಂಡು, ಹದ ಮಾಡಿ, ಬೆನ್ನಿಗೆ ಹೊಯ್ದರು. ಅಬ್ಬಾ! ಖಾಲಿಯಾಗುವಷ್ಟರಲ್ಲಿ ಇನ್ನೊಂದು ಬಂತು. ಮತ್ತೊಂದು. ಅರವತ್ತರ ಹತ್ತಿರದ ಮನುಷ್ಯ ಏದುಸಿರು ಬಿಡುವುದು ಹಬೆಯೊಳಗೂ ಕೇಳಿಸುತ್ತಿತ್ತು.

"ಮಾಮ, ನಿಮ್ಮ ಸೊಂಟ ಹಿಡ್ಕೊಳತ್ತೆ. ಬಿಟ್ಬಿಡಿ," ಎಂದು ಕೂಗಿದೆ.

ಬಾಗಿಲಾಚೆಯಿಂದ ದನಿ ಬಂತು. "ಗಣಿಯಿಂದ ಹೊರಟು ಊರು ಮುಟ್ಟೋದ್ರೊಳಗೆ ಎಲ್ಲ ಮುಗಿದೋಗಿತ್ತು ಕಣೆ ಪುಟ್ಟಿ. ಅಕ್ಕನ ಬಾಯಿಗೆ ಒಂದು ತೊಟ್ಟು ನೀರು ಬಿಡಕ್ಕೂ ಆಗ್ಲಿಲ್ಲ ನಂಗೆ. ನೀನು ಸುಮ್ನೆ ಕೂತ್ಕೊಂಡು ಹುಯ್ಯಿಸ್ಕೋ."

ಚಿಕ್ಕತ್ತೆಯ ಕೈಯಲ್ಲಿ ಚೊಂಬು ನಿಂತಿತು. ನನ್ನ ಕಣ್ಣೀರು ಯಾವುದು, ಸ್ನಾನದ ನೀರು ಯಾವುದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಅಷ್ಟು ಹೊತ್ತಿಗೆ ಒಳಗೆ ತುಂಬಿದ ಎರಡು ಬಕೆಟ್ ಇನ್ನೂ ಮಿಕ್ಕಿದ್ದವು. ಆದರೂ ಕೂಗಿ ಹೇಳಿದೆ:

"ಇನ್ನೊಂದು ತನ್ನಿ ಮಾಮ."