ಸ್ಪ್ಯಾನಿಷ್ ಬಾರದ ಕೌಂಟರು

ಮಾತಾಡಬೇಕಾದ ಕಡೆ ಬಾಯಿ ಮುಚ್ಚಿಕೊಂಡಿರುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ನದಿಯಾಚೆಯ ಫೋರ್ಟ್ ಲೀ ಊರಿನಿಂದ ಸೇತುವೆ ದಾಟಿ ನ್ಯೂಯಾರ್ಕಿನ ಒಂದು ಕಾಲೇಜಿಗೆ ಓದಲು ಹೋಗುತ್ತಿದ್ದೆ. ಮಧ್ಯಾಹ್ನ ಅಲ್ಲಿಯ ಆಫೀಸಿನ ಕೌಂಟರಿನಲ್ಲೇ ಕೆಲಸ. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಇತ್ತು, ಧೈರ್ಯ ಇರಲಿಲ್ಲ.

ಕೊನೆಯ ತಾರೀಖು

ಒಂದು ದಿನ ಪೋರ್ಟೊರಿಕೊದ ತಾಯಿಯೊಬ್ಬರು ಬಂದರು. ನನ್ನ ಬಣ್ಣ, ಜಡೆ ನೋಡಿ ತಮ್ಮವಳೇ ಅಂದುಕೊಂಡು ಹತ್ತು ನಿಮಿಷ ಸ್ಪ್ಯಾನಿಷಿನಲ್ಲಿ ಮಾತಾಡಿದರು. ‘ನನಗೆ ಬರೋಲ್ಲ’ ಅಂತ ನಡುವೆ ತಡೆಯಲು ಸಂಕೋಚ. ನಕ್ಕು ತಲೆ ಆಡಿಸಿದೆ. ಅವರು ನನ್ನ ಕೆನ್ನೆ ಸವರಿ ಹೋದರು.

ಮೂರು ದಿನ ಬಿಟ್ಟು ಮಗಳು ಬಂದಳು. “ಇಡೀ ಕಾಲೇಜಿನಲ್ಲಿ ಸಮಾಧಾನವಾಗಿ ಕೇಳೋಳು ನೀನೊಬ್ಬಳೇ ಅಂತ ಅಮ್ಮ ಹೊಗಳಿದ್ದೇ ಹೊಗಳಿದ್ದು!”

“ಅವರು ಏನು ಕೇಳಿದ್ದು?”

“ಸ್ಕಾಲರ್‌ಶಿಪ್ ಫಾರಂಗೆ ಕೊನೇ ತಾರೀಖು ಯಾವುದು ಅಂತ.”

ಗೋಡೆಯ ಕ್ಯಾಲೆಂಡರ್ ನೋಡಿದೆ. “ನಿನ್ನೆ,” ಅಂದೆ.

ದಾಟಬಾರದು

ಸ್ಕಾಲರ್‌ಶಿಪ್ ಇಲ್ಲದೆ ಆ ಹುಡುಗಿಗೆ ಆ ಟರ್ಮ್ ತಪ್ಪಿಹೋಯಿತು. ಕೌಂಟರಿಗೆ ಸ್ಪ್ಯಾನಿಷ್ ಬಲ್ಲವರನ್ನು ನೇಮಿಸಿ ಅಂತ ಅವಳೂ ಪೋರ್ಟೊರಿಕನ್ ವಿದ್ಯಾರ್ಥಿಗಳೂ ಆಫೀಸಿನ ಕಾರಿಡಾರಿನಲ್ಲಿ ಕಾಲು ಚಾಚಿ ಧರಣಿ ಕೂತರು. ಗುಮಾಸ್ತರೆಲ್ಲ ಅವರನ್ನು ದಾಟಿಕೊಂಡೇ ಒಳಗೆ ಹೋದರು. ಕೂತವರನ್ನು ದಾಟಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟದ್ದು; ನಾನು ಡಬ್ಬಿ ಹಿಡಿದು ಅಲ್ಲೇ ನಿಂತೆ.

“ಇವಳು ನಮ್ಮ ಪರ!” ಅಂತ ಚಪ್ಪಾಳೆ. ಎಳೆದು ಕೂರಿಸಿಕೊಂಡರು. ಸಂಕೋಚಕ್ಕೆ ಡಬ್ಬಿ ಬಿಚ್ಚಿ ಮೊಸರನ್ನ ಹಂಚಿದೆ. ಒಬ್ಬ ಬಾಯಿಗಿಟ್ಟು ಮುಖ ಹಿಂಡಿದ: “ಪಾಪ! ಕಾಲೇಜಿನೋರು ಕೆಲಸದವರಿಗೆ ಇದನ್ನಾ ಕೊಡೋದು? ಬರ್ಕೊಳ್ಳಿ, ಇದೂ ನಮ್ಮ ಬೇಡಿಕೆ!”

ಡೀನ್ ಕೊಟ್ಟ ಉತ್ತರ

ಡೀನ್ ಮಾತುಕತೆಗೆ ಕರೆದರು. ಎಲ್ಲ ಕೇಳಿ, ಮೂಲೆಯಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. “ಹೊಸ ನೇಮಕ ಯಾಕೆ? ನಿಮ್ಮವಳೇ ಇದ್ದಾಳಲ್ಲ! ತಾಯಂದಿರೆಲ್ಲ ಹೊಗಳ್ತಾರೆ.”

“ಅವಳಿಗೆ ಸ್ಪ್ಯಾನಿಷ್ ಬರೋಲ್ಲ ಸರ್,” ಅಂದಳು ಹುಡುಗಿ.

“ಅವಳೇ ಹೇಳಲಿ.”

ನನಗೆ ಬರೋಲ್ಲ. ಎರಡೇ ಪದ. ಅಷ್ಟು ಜನರೆದುರು ಅದನ್ನು ಹೇಳಲೂ ಸಂಕೋಚ. ಸುಮ್ಮನೆ ತಲೆ ಆಡಿಸಿದೆ. ಡೀನ್ ಅದನ್ನು ‘ಬರುತ್ತೆ’ ಅಂತ ತಿಳಿದು, ಥ್ಯಾಂಕ್ಸ್ ಹೇಳಿ ಸಭೆ ಮುಗಿಸಿದರು. ಹುಡುಗಿ ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

ಮರುದಿನ ನನ್ನ ಮುಂದೆ ಒಂದು ಬೋರ್ಡು: ‘ಇಲ್ಲಿ ಸ್ಪ್ಯಾನಿಷ್ ಮಾತಾಡುತ್ತೇವೆ.’ ಸಾಲಿನಲ್ಲಿ ಮೊದಲಿಗೆ, ಫಾರಂ ಹಿಡಿದ ಇನ್ನೊಬ್ಬ ತಾಯಿ. ಈ ಸಲವಾದರೂ ತಪ್ಪಾಗಬಾರದು ಅಂತ ಕ್ಯಾಲೆಂಡರನ್ನೇ ಇಳಿಸಿ ತಂದೆ. ಮುಂದಿನ ಟರ್ಮಿನ ಕೊನೆಯ ತಾರೀಖಿನ ಮೇಲೆ ಬೆರಳಿಟ್ಟು, ನನ್ನ ಕೈಗೇ ಕೊಡಿ ಅಂತ ಎದೆ ಮುಟ್ಟಿ ತೋರಿಸಿದೆ. ಅವರು ಕಣ್ಣರಳಿಸಿ ನನ್ನನ್ನು ತಬ್ಬಿಕೊಂಡರು. ಅಬ್ಬ, ಅರ್ಥವಾಯಿತು!

ಅವರು ಮತ್ತೆ ಬಂದದ್ದು ತಾರೀಖು ಕಳೆದ ಮೇಲಲ್ಲ, ಸರಿಯಾಗಿ ಅದೇ ದಿನ. ಕೈಯಲ್ಲಿ ಫಾರಂ ಇರಲಿಲ್ಲ. ಅಂದು ನನ್ನ ಹುಟ್ಟುಹಬ್ಬ ಅಂದುಕೊಂಡು ತಂದ ಕೇಕ್ ಇತ್ತು.