ತನಿತ್ ಎಳೆದ ರೇಖೆ

ರೇಖೆ ಇಳಿಯಲೊಲ್ಲದು. ತನಿತ್‌ನ ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಖೋನ್ ಕೇನ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಅವನು ಗುತ್ತಿಗೆ ನೌಕರ. ಕಂಪ್ಯೂಟರಿನಲ್ಲಿ ಸರ್ವ್‌ಫಿಟ್ ಎಂಬ ಲೆಕ್ಕದ ಫಂಕ್ಷನ್ ಓಡಿಸಿ, ರೋಗಿಗಳು ಎಷ್ಟು ಕಾಲ ಬದುಕುತ್ತಾರೆಂದು ರೇಖೆ ಎಳೆಯುವುದು ಅವನ ಕೆಲಸ. ಜನ ಸತ್ತಂತೆಲ್ಲ ರೇಖೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಈ ಸಲ ಮಾತ್ರ ಅವನು ಅದೇ ಫಂಕ್ಷನ್ನಿಗೆ ಗುತ್ತಿಗೆ ನೌಕರರನ್ನೇ ಉಣಿಸಿದ್ದ. ಸಾವಿನ ಜಾಗದಲ್ಲಿ ಕೆಲಸ ಬಿಡುವುದು, ಅಷ್ಟೇ ವ್ಯತ್ಯಾಸ. ಜನ ಹೇಗೆ ಓಡಿಹೋಗುತ್ತಿದ್ದಾರೆಂದು ನಿರ್ದೇಶಕಿ ಡಾಕ್ಟರ್ ವಿಮೋನ್ ಅವರಿಗೆ ಮಧ್ಯಾಹ್ನ ತೋರಿಸಿಬಿಟ್ಟರೆ ತನ್ನ ಸಂಬಳ ಏರುತ್ತದೆಂಬ ಆಸೆ ಪಾಪ ಅವನಿಗೆ.

ಆದರೆ ರೇಖೆ ಐನೂರು ವರ್ಷ ದಾಟಿದರೂ ಅಡ್ಡಡ್ಡ ಮಲಗಿತ್ತು.

ಸಿಬ್ಬಂದಿ ವಿಭಾಗದ ರಂಫಾ ಅಕ್ಕ ಬಗ್ಗಿ ನೋಡಿದಳು. "ಇದೇನೋ ತನಿತ್, ನಾವಿನ್ನೂ ಐನೂರು ವರ್ಷ ಇಲ್ಲೇ ಕೊಳೀಬೇಕಾ?"

ಊಟದ ಹೊತ್ತಿಗೆ ಸುದ್ದಿ ಕ್ಯಾಂಟೀನ್ ತಲುಪಿತು. ಆಂಬ್ಯುಲೆನ್ಸ್ ಡ್ರೈವರ್ ಬೂನ್ಮಾ ಮಾವ ತನಿತ್‌ನ ತೋಳು ಹಿಡಿದೆಳೆದ. "ಫಂಕ್ಷನ್ನು ಗಿಂಕ್ಷನ್ನು ಆಮೇಲೆ. ಅಂಗಳದ ಗುಡಿ ದೇವತೆ ಮುನಿಸ್ಕೊಂಡಿದೆ. ಮೊದ್ಲು ಕೆಂಪು ಶರಬತ್ತು ಇಟ್ಟು ಕೈಮುಗಿ."

ನಂಬಿಕೆಯಿಲ್ಲದಿದ್ದರೂ ಕೈಮುಗಿದ. ಎದುರಿಗೇ ಗುಡಿ ಕಟ್ಟಿಸಿದವರ ಕಲ್ಲು: ಇಸವಿ 2531. ತನಿತ್ ಮಂಡಿಯೂರಿದ್ದವನು ಹಾಗೇ ಎದ್ದು ರಂಫಾ ಅಕ್ಕನ ಬಳಿಗೆ ಓಡಿದ.

"ಅಕ್ಕಾ, ಕೆಲಸ ಬಿಟ್ಟ ತಾರೀಖು ಯಾವ ಇಸವೀಲಿ ಹಾಕಿದೀರಿ?"

"ಯಾವ ಇಸವಿ ಅಂದ್ರೆ? ಬುದ್ಧನ ಇಸವಿ. ನಾನೇನು ಫರಂಗಿಯವಳಾ?"

ಸೇರಿದ ತಾರೀಖುಗಳನ್ನು ಕಂಪ್ಯೂಟರ್ ಫರಂಗಿಯವರ ಕ್ರಿಸ್ತನ ಇಸವಿಯಲ್ಲೇ ತುಂಬಿತ್ತು. ಎರಡು ಇಸವಿಗಳ ನಡುವಿನ ಐನೂರ ನಲವತ್ತಮೂರು ವರ್ಷ ಕಳೆದದ್ದೇ ತಡ, ರೇಖೆ ದಡದಡನೆ ಇಳಿಯಿತು. ಬೂನ್ಮಾ ಮಾವ ಶರಬತ್ತಿನ ಮಹಿಮೆಯನ್ನು ಊರಿಗೆಲ್ಲ ಸಾರಿದ.

ಮಧ್ಯಾಹ್ನ ಡಾಕ್ಟರ್ ವಿಮೋನ್ ರೇಖೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ. ಮೊದಲೆರಡು ವರ್ಷದಲ್ಲೇ ಅರ್ಧ ಜನ ಹೋಗ್ತಾರೆ. ಹೊಸಬರಿಗೆ ಸಂಬಳ ಏರಿಸಲೇಬೇಕು." ಬೆರಳು ಮುಂದಕ್ಕೆ ಸರಿಯಿತು. "ಐದು ವರ್ಷ ದಾಟಿದವರು ಒಬ್ಬರೂ ಬಿಟ್ಟಿಲ್ಲ. ಅವರಿಗೆ ಯಾಕೆ ಸುಮ್ನೆ ಏರಿಸೋದು? ನೀನು ಬಂದು ಎಷ್ಟು ವರ್ಷ ಆಯ್ತಪ್ಪ?"

"ಆರು, ಮೇಡಂ."

ತನಿತ್ ಹೊಟ್ಟೆಯುರಿ ತಡೆಯದೆ ಅಂದೇಬಿಟ್ಟ: "ಹಾಗಾದ್ರೆ ನಾನೂ ಕೆಲಸ ಬಿಡ್ತೀನಿ, ಮೇಡಂ."

ಡಾಕ್ಟರ್ ನಕ್ಕು, ಚಿತ್ರವನ್ನು ಅವನ ಕಡೆ ತಿರುಗಿಸಿದರು.

"ಬಿಡಲ್ಲ ಅಂತ ನೀನೇ ತೋರಿಸಿದೀಯಲ್ಲಪ್ಪ."